ಕುದುರೆಮುಖದ ಏಕಾದಶಿ

ಮೊದಲ ಹೇಳಿಬಿಡ್ತೇನಿ, ನಾನು ಹುಟ್ಟಾ ಅಂಜುಬುರುಕಿ. ಶಿಗ್ಗಾವಿಯ ಕಾಲೇಜಿನಾಗ ಹುಡುಗರಿಗೆ ಜೀವಶಾಸ್ತ್ರ ಕಲಸ್ತೇನಿ. ಗುಡ್ಡದ ಸಂದ್ಯಾಗ ಬೆಳಿಯೂ ಶೋಲಾ ಕಾಡು ಹೆಂಗಿರ್ತದ, ಅದರ ಸುತ್ತಲಿನ ಹುಲ್ಲುಗಾವಲು ಹೆಂಗಿರ್ತದ ಅಂತ ಬೋರ್ಡಿನ ಮ್ಯಾಲ ಚಿತ್ರ ತಗದು, ಬಾಣದ ಗುರ್ತು ಹಾಕಿ ವರ್ಷಾ ವರ್ಷಾ ಹೇಳಿಕೋತ ಬಂದೇನಿ. ಬೋರ್ಡಿನ ಮ್ಯಾಲಿನ ಕಾಡು ಭಾಳ ಛೊಲೊ. ಅದರಾಗ ಜಿಗಣಿ ಇರೂದಿಲ್ಲ, ಹಾವು ಇರೂದಿಲ್ಲ, ಗಂಟಿ ಹೊಡದ ಕೂಡ್ಲೇ ಒರಸಿ ಮನಿಗೆ ಹೋಗಬಹುದು. ಖರೇ ಕಾಡು ನೋಡೂ ಹುಚ್ಚು ನನಗ ಯಾವತ್ತೂ ಇರ್ಲಿಲ್ಲ.

ಹುಚ್ಚು ಇದ್ದದ್ದು ನಮ್ಮ ಅಕ್ಕಗ. ಅಕ್ಕ ಸವಣೂರಾಕಿ, ಅಲ್ಲಿನ ಸಾಲ್ಯಾಗ ಸಂಸ್ಕೃತ ಕಲಿಸಿ ರಿಟೈರ್ ಆದಾಕಿ. ನಮ್ಮ ತವರುಮನಿ ಹಾನಗಲ್ಲು. ಅಪ್ಪ ಶಾಸ್ತ್ರ ಓದಿದವ. ಮನಿ ತುಂಬ ಪೋಥಿ, ಹಿತ್ತಲ ತುಂಬ ಎಮ್ಮಿ. ನಾ ಸಣ್ಣಾಕಿ ಇದ್ದಾಗನ ಅವ್ವ ತೀರಿಹೋದ್ಲು. ನನ್ನ ತಲಿ ಬಾಚಿದಾಕಿ, ಜ್ವರ ಬಂದ್ರ ಬಾಜೂಕ ಕುಂತಾಕಿ, ಮಾರ್ಕ್ಸು ಕಡಿಮಿ ಬಿದ್ರ ಕಿವಿ ಹಿಂಡಿದಾಕಿ, ಎಲ್ಲಾ ಅಕ್ಕನ. ಅವ್ವನ ಮುಖ ನನಗ ಸರಿಯಾಗಿ ನೆನಪಿಲ್ಲ. ಅವ್ವ ಅಂತ ನೆನಸಿಕೊಂಡ್ರ ಅಕ್ಕನ ಮುಖಾನ ಕಣ್ಣಮುಂದ ಬರ್ತದ.

ರಿಟೈರ್ ಆದಮ್ಯಾಲ ಅಕ್ಕಗ ನಡಿಯೂ ಚಟ ಹತ್ತಿತ್ತು. ಮುಂಜಾನೆ ಸವಣೂರಿನ ರಸ್ತಾದಾಗ ಆಕಿ ಹೊಂಟ್ರ ವಯಸ್ಸಿನ ಹುಡುಗ್ಯಾರೂ ಹಿಂದ ಬೀಳ್ತಿದ್ರು. ಯಾರೋ ಮೊಬೈಲಿನಾಗ ಕುದುರೆಮುಖದ ಫೋಟೋ ತೋರಿಸಿದ್ರಂತ. ಅವತ್ತಿನಿಂದ ಒಂದ ಹಟ, ನಾ ಅದನ್ನ ಹತ್ತಬೇಕು. ಭಾವನ್ನ ಕೇಳಿದ್ರ ಅವರು ಟೀವಿಯಿಂದ ಕಣ್ಣು ತಗೀಲಾರದ "ನಿಮ್ಮಕ್ಕನ ಮೊಣಕಾಲು ಇನ್ನೂ ಗಟ್ಟಿ ಅದಾವ, ನನ್ನವು ಅಲ್ಲ. ನೀನ ಕರಕೊಂಡು ಹೋಗು" ಅಂದ್ರು. ನನ್ನ ಮೊಣಕಾಲಿನ ವಿಚಾರ ಯಾರೂ ಕೇಳಲಿಲ್ಲ.

ನನ್ನ ಜೊತಿ ವಾಕಿಂಗಿಗೆ ಬರೂ ಬ್ಯಾಂಕಿನಾಕಿ ಒಬ್ಬಾಕಿ ಇದ್ದಾಳ. ಆಕಿ ಆನ್‌ಲೈನಿನಾಗ ಅರಣ್ಯ ಇಲಾಖೆಯ ಪರವಾನಗಿ ತಗದ್ಲು. ಆಕಿ ಗೆಳತಿ, ಹಿರೇಕೆರೂರಿನಾಗ ವಕೀಲಕಿ ಮಾಡಾಕಿ, ಆಕಿಗೆ ನಾವು ವಕೀಲಬಾಯಿ ಅಂತಿದ್ವಿ, ತಾನೂ ಬರ್ತೇನಿ ಅಂದ್ಲು. ನಾಕ ಮಂದಿ ಹೆಂಗಸರು, ಒಂದು ಬಾಡಿಗಿ ಗಾಡಿ. ನಮ್ಮ ಮನ್ಯಾಗ ಪಂಚಾಂಗ ನೋಡದ ಒಂದು ಹೊಸ ಕಸಬರಿಗಿನೂ ತರೂದಿಲ್ಲ. ಆದ್ರ ಬ್ಯಾಂಕಿನಾಕಿ ನೋಡಿದ್ದು ತನ್ನ ರಜಾದ ದಿನ ಅಷ್ಟ. ನಾವೂ ಕೇಳಲಿಲ್ಲ.

ಮಳಿಗಾಲ ಮುಗದಿತ್ತು. ನಸುಕಿನಾಗ ಶಿಗ್ಗಾವಿ ಬಿಟ್ಟು, ಸವಣೂರಿನಾಗ ಅಕ್ಕನ್ನ ಹತ್ತಿಸಿಕೊಂಡು, ಹಿರೇಕೆರೂರಿನಾಗ ವಕೀಲಬಾಯಿನ್ನ ಹತ್ತಿಸಿಕೊಂಡು ಶಿಕಾರಿಪುರದ ಹಾದಿ ಹಿಡದ್ವಿ. ಅಕ್ಕ ಹಾದ್ಯಾಗ ಕುರುಕಾಕ ಎಲ್ಲಾರಿಗೂ ಅಂತ ಎರಡು ಕಿಲೋ ಸವಣೂರು ಖಾರ ತಂದಿದ್ಲು. ಮಧ್ಯಾಹ್ನ ಒಂದು ಮರದ ಕೆಳಗ ಚಪಾತಿ ಪಲ್ಯಾ ತಿಂದ್ವಿ. ಊಟಾ ಮಾಡಿ ಅಕ್ಕ ಕೈ ತೊಳಕೊಂಡು, ಬಾಯಿ ಮುಕ್ಕಳಿಸಿ, "ನಂದು ಇನ್ನು ನಾಡದ ಮುಂಜಾನೆ ತನಕ ಮುಗೀತು" ಅಂದ್ಲು. ಯಾಕಂತ ನಾ ಕೇಳಿದೆ.

"ಇವತ್ತು ದಶಮಿ. ನಾಳೆ ಏಕಾದಶಿ."

ಎದಿ ಧಸಕ್ ಅಂತು. ತಿಳೀಲಾರದವರಿಗೆ ಹೇಳ್ತೇನಿ. ನಮ್ಮ ಮಂದ್ಯಾಗ ಏಕಾದಶಿ ಅಂದ್ರ ಉಪವಾಸ. ನನ್ನಂಥವರು ಸಾಬೂದಾಣಿ, ಬಾಳಿಹಣ್ಣು, ಎರಡು ಸಲ ಚಾ ಅಂತ ಹೊಟ್ಟಿ ತುಂಬ ಉಪವಾಸ ಮಾಡ್ತೇವಿ. ಅಕ್ಕಂದು ಹಂಗಲ್ಲ. ದಶಮಿ ಮಧ್ಯಾಹ್ನ ಒಂದು ಊಟ, ಅದರ ಮ್ಯಾಲ ದ್ವಾದಶಿ ಮುಂಜಾನೆ ಪಾರಣಿ ಮಾಡಿ ಉಪವಾಸ ಬಿಡೂತನಾ ಒಂದು ಹನಿ ನೀರೂ ಬಾಯಿಗೆ ಹಾಕೂದಿಲ್ಲ. ಲಗ್ನ ಆದಾಗಿಂದ ತಪ್ಪಿಸಿದ್ದು ಒಂದ ಒಂದು. ಬಾಣಂತನದಾಗ ಅದೊಂದು ಬಿಟ್ಟಿದ್ದಕ್ಕ ಇನ್ನೂ ಹಳಹಳಿ ಮಾಡಿಕೋತಾಳ.

"ಅಕ್ಕಾ, ನಾಳೆ ಇಡೀ ದಿನ ಗುಡ್ಡಾ ಹತ್ತೂದದ. ನೀರಾದ್ರೂ ಕುಡೀಬೇಕು" ಅಂದೆ.

"ನೀವು ಕುಡೀರಿ. ನಾ ಬ್ಯಾಡ ಅಂದೇನೇನು?"

"ದೇವರೇನು ನಿನ್ನ ಹಿಂದ ಗುಡ್ಡಾ ಹತ್ತಿ ನೋಡಾಕ ಬರ್ತಾನೇನು?"

"ಬರ್ತಾನ. ನಿನ್ನ ಸಾಬೂದಾಣಿ ನೋಡಾಕ ಬರೂದಿಲ್ಲ, ನನ್ನ ಹಿಂದ ಬರ್ತಾನ" ಅಂದ್ಲು. ವಕೀಲಬಾಯಿ ನಕ್ಕೋತ "ವಾದ ಮುಗೀತ್ರಿ ಮೇಡಂ, ನೀವು ಸೋತ್ರಿ" ಅಂದ್ಲು. ಎಲ್ಲಾರೂ ನಕ್ಕರು. ನನಗ ನಗು ಬರ್ಲಿಲ್ಲ. ನನ್ನ ಚೀಲದಾಗ ಬೆಲ್ಲದ ಉಂಡಿ ಇತ್ತು, ನಡಿಯಾಕ ತ್ರಾಣ ಬರ್ಲಿ ಅಂತ ತಂದಿದ್ದೆ. ಅದನ್ನ ಎರಡು ಮಾಡಿ ಒಂದು ತುಂಡು ಜಾಕೀಟಿನ ಕಿಸೇದಾಗ ಇಟಕೊಂಡೆ. ಏನರ ಆದ್ರ ಅಂತ.

ರಾತ್ರಿ ಕೆಳಗಿನ ಊರಾಗ ಉಳದು, ಮರುದಿನ ಬೆಳಕು ಹರಿಯೂ ಮೊದಲ ಜೀಪಿನಾಗ ಗುಡ್ಡದ ಬುಡಕ್ಕ ಬಂದ್ವಿ. ಜೀಪು ಎತ್ತಿ ಎತ್ತಿ ಒಗದು ನನ್ನ ಎಲುಬೆಲ್ಲಾ ಸಡಲಾದ್ವು. ಇಲಾಖೆಯ ಗೈಡು, ನಡುವಯಸ್ಸಿನ ಮನುಷ್ಯ, ಕೈಯಾಗೊಂದು ಬಡಿಗಿ ಹಿಡಕೊಂಡು ನಮಗ ನೇಮ ಹೇಳಿದ. "ಜೋರು ಮಾತಾಡಬೇಡಿ. ಒಬ್ಬೊಬ್ಬರೇ ದಾರಿ ಬಿಡಬೇಡಿ. ಕಾಟಿ ಕಂಡರೆ ಅಲ್ಲಾಡಬೇಡಿ, ಓಡಬೇಡಿ."

"ಕಾಟಿ ಅಂದ್ರ?" ಅಂದೆ.

"ಕಾಡುಕೋಣ ಮೇಡಂ."

"ದಿನಾ ಕಾಣ್ತಾವೇನ್ರಿ?"

"ದಿನಾ ಅಂತಿಲ್ಲ" ಅಂತ ಆ ಮನುಷ್ಯ ಆಕಾಶ ನೋಡಿಕೋತ ಹೇಳಿದ. ಆ ಉತ್ತರ ನನಗ ಬಿಲ್ಕುಲ್ ಸೇರಲಿಲ್ಲ.

ಶೋಲಾದೊಳಗ ಹೊಕ್ಕ ಕೂಡ್ಲೇ ಹಗಲು ಆರಿಹೋದಂಗಾತು. ಮರದ ಮೈಗೆಲ್ಲಾ ಪಾಚಿ, ಪಾಚಿ ಮ್ಯಾಲ ಜರಿಗಿಡ, ಜರಿಗಿಡದ ನಡುವ ಸೀತಾಳಿ ದಂಡಿ ಹೂವು. ನಾ ಪುಸ್ತಕದಾಗ ಹೆಸರು ಹೇಳಿ ಕಲಿಸಿದ್ದೆಲ್ಲಾ ಜೀವಂತ ನಿಂತಿತ್ತು. ಸಂತೋಷ ಆಗಬೇಕಿತ್ತು. ಆದ್ರ ನಾ ಕಾಲು ನೋಡೂದ್ರಾಗ ಇದ್ದೆ. ಎಲಿ ತುದಿಯೊಳಗ ಜಿಗಣಿ ಎದ್ದು ನಿಂತು ನನ್ನ ವಾಸನಿ ನೋಡ್ತಿದ್ವು. ಮ್ಯಾಲ ಕೊಂಬಿಯಾಗ ಏನೋ ಧಡಲ್ ಅಂತ ಜಿಗೀತು. ನಾ ಬ್ಯಾಂಕಿನಾಕಿಯ ಕೈ ಹಿಡಕೊಂಡೆ. ಕೆಂಪನ್ನ ದೊಡ್ಡ ಅಳಿಲು, ಬೆಕ್ಕಿನಷ್ಟು ಇತ್ತು. ಅಕ್ಕ ತಲಿ ಎತ್ತಿ, ಬಾಯಿ ತಗದು ಸಣ್ಣ ಹುಡುಗಿಯಂಗ ಅದನ್ನ ನೋಡಾಕತ್ತಿದ್ಲು. ತುಟಿ ಆಗಲೇ ಒಣಗಿದ್ವು.

ಕಾಡು ದಾಟಿ ಹುಲ್ಲಿಗೆ ಬಂದ್ವಿ. ಹುಲ್ಲು ನಮ್ಮ ಸೊಂಟದಷ್ಟು, ಗಾಳಿ ಬೀಸಿದ್ರ ಇಡೀ ಗುಡ್ಡ ಒಂದ ಕಡೆ ಹೊರಳ್ತಿತ್ತು. ಹಾದಿಯ ಹಸಿ ಮಣ್ಣಿನಾಗ ರೂಪಾಯಿ ಅಗಲದ ಕೆಂಪು ಗಿಡ ಕಂಡ್ವು. ಒಂದೊಂದು ಎಲಿಗೂ ಮಿಣಮಿಣ ಹನಿ. ಹುಳಾ ಹಿಡದು ತಿನ್ನೂ ಗಿಡ. ನಾ ಮಂಡಿಗಾಲು ಊರಿ ಕುಂತು ಅಕ್ಕಗ ತೋರಿಸಿದೆ, ಆ ಹನಿ ನೀರಲ್ಲ, ಅಂಟು, ನೀರಂತ ತಿಳದು ಹುಳಾ ಬಂದು ಸಿಗಬೀಳ್ತದ ಅಂತ. ಅಕ್ಕ ಭಾಳ ಹೊತ್ತು ಆ ಹನಿ ನೋಡಿದ್ಲು. ಆಮ್ಯಾಲ ಏಳಬೇಕಾದ್ರ ನನ್ನ ಹೆಗಲಿಗೆ ಕೈ ಊರಿದ್ಲು. ಅಕ್ಕ ಯಾವತ್ತೂ ಹಂಗ ಕೈ ಊರಿದಾಕಿ ಅಲ್ಲ.

ಸ್ವಲ್ಪ ಮುಂದ ಒಂದು ಹಳ್ಳ ಬಂತು. ನೀರು ಎಷ್ಟು ತಿಳಿ ಅಂದ್ರ ತಳದ ಹಳ್ಳು ಒಂದೊಂದಾಗಿ ಕಾಣ್ತಿದ್ವು. ನಾವು ಮೂರೂ ಮಂದಿ ಬೊಗಸಿ ಬೊಗಸಿ ಕುಡದ್ವಿ. ಅಕ್ಕ ಮುಖ ತೊಳಕೊಂಡು, ತುಟಿ ಬಿಗದ ಹಿಡದು, ಸೆರಗಿನಿಂದ ಒರಸಿಕೊಂಡ್ಲು. ಒಂದು ಹನಿ ಒಳಗ ಹೋಗಲಿಲ್ಲ. ನಾ ಆಕಿ ಬಾಜೂಕ ಕುಂತು, ಸುಮ್ನ ಮಾತಿಗೆ ಅಂತ, "ಶುಗರ್ ಗುಳಿಗಿ ಮನ್ಯಾಗ ಬಿಟ್ಟುಬಂದಿ ಏನು?" ಅಂತ ಕೇಳಿದೆ.

"ಯಾಕ ಬಿಡ್ಲಿ? ಮುಂಜಾನೆ ತೊಗೊಂಡೇನಿ. ಔಷಧಕ್ಕ ದೋಷ ಇಲ್ಲ. ನೀರಿಲ್ಲದ ನುಂಗಿದೆ" ಅಂದ್ಲು, ಭಾಳ ಶಾಣ್ಯಾತನ ಮಾಡಿದವರಂಗ.

ಆ ಗುಳಿಗಿಯ ಕೆಲಸ ಏನಂತ ನನಗ ಗೊತ್ತು. ಹೊಟ್ಟ್ಯಾಗ ಅನ್ನ ಇರಲಿ ಬಿಡಲಿ, ಅದು ರಕ್ತದಾಗಿನ ಸಕ್ಕರಿ ಇಳಿಸಿಕೋತನ ಹೋಗ್ತದ. ಎರಡು ತಿಂಗಳ ಹಿಂದ ಡಾಕ್ಟರು ಅದನ್ನ ಜೋರೂ ಮಾಡಿದ್ರು. ನಿನ್ನೆ ಮಧ್ಯಾಹ್ನದಿಂದ ಅನ್ನ ಇಲ್ಲ, ನೀರಿಲ್ಲ, ಮ್ಯಾಲ ಈ ಗುಡ್ಡ. ಮನ್ಯಾಗ ಏಕಾದಶಿ ದಿನ ಅಕ್ಕ ಹಿಂಗ ಗುಳಿಗಿ ನುಂಗಿ ಮಧ್ಯಾಹ್ನ ಹಸಿ ಅರಿವಿ ಹಣಿ ಮ್ಯಾಲ ಹಾಕ್ಕೊಂಡು ಮಲಗ್ತಿದ್ಲು ಅಂತ ನನಗ ಈಗ ಹೊಳೀತು. ತಲಿ ತಿರಗ್ತದ ಅಂತಿದ್ಲು. ಎಲ್ಲಾರೂ ಉಪವಾಸದ ಆಯಾಸ ಅಂತಿದ್ರು. ಔಷಧಕ್ಕ ದೋಷ ಇಲ್ಲ ಅಂತ ಶಾಸ್ತ್ರ ಹೇಳಿತ್ತು, ಗುಳಿಗಿ ತಪ್ಪಿಸಬ್ಯಾಡ ಅಂತ ಡಾಕ್ಟರು ಹೇಳಿದ್ರು. ಇಬ್ಬರ ಮಾತೂ ಚಾಚೂ ತಪ್ಪದ ಕೇಳೂ ಹೆಣ್ಣುಮಗಳು ನಮ್ಮಕ್ಕ.

"ಅಕ್ಕಾ, ನಿನ್ನ ಕೈ ಮುಗೀತೇನಿ, ಇದನ್ನ ಬಾಯಾಗ ಹಾಕ್ಕೊ" ಅಂತ ಬೆಲ್ಲ ತಗದೆ. "ಈ ಗುಳಿಗಿ ತೊಗೊಂಡು ಉಣ್ಣದ ಇದ್ರ ಜೀವಕ್ಕ ಅಪಾಯ ಅದ. ನಾ ಸುಮ್ನ ಹೇಳಾಕತ್ತಿಲ್ಲ."

"ಆತು, ಮುಂದಿನ ಸಲ ತೊಗೊಳಂಗಿಲ್ಲ."

"ಮುಂದಿನ ಸಲ ಅಲ್ಲ, ಈಗ!"

"ದನಿ ಏರಿಸಬ್ಯಾಡ. ಇದು ನಿನ್ನ ಕ್ಲಾಸಲ್ಲ" ಅಂದು ಎದ್ದು ಹೊಂಟಾ ಬಿಟ್ಲು.

ನಾ ಗೈಡಿನ ಹತ್ರ ಓಡಿದೆ, ಹೊಳ್ಳಿ ಹೋಗೂಣ್ರಿ ಅಂದೆ. ಆತ ವಿಚಾರ ಮಾಡಿ, "ಮೇಲೆ ಒಂಟಿ ಮರ ಇದೆ, ಅಲ್ಲಿ ಕೂತು ಸುಧಾರಿಸಿಕೊಂಡು ವಾಪಸ್ ಹೋಗೋಣ. ಇವರು ಕೇಳಬೇಕಲ್ಲ" ಅಂದ. ಬ್ಯಾಂಕಿನಾಕಿ, ವಕೀಲಬಾಯಿ ಇಬ್ಬರೂ ತುದಿ ಮುಟ್ಟೂದು ಬ್ಯಾಡ ಅಂತ ಒಪ್ಪಿದ್ರು. ಒಪ್ಪಲಾರದಾಕಿ ಒಬ್ಬಾಕೀನ, ಆಕಿ ನಮ್ಮ ಮುಂದ ಏರಿ ಹತ್ತಾಕತ್ತಿದ್ಲು. ನಾ ಹಿಂದಿನಿಂದ ಆಕಿ ಹೆಜ್ಜಿ ನೋಡಿಕೋತ ನಡದೆ. ಜಿಗಣಿ ಮರತೆ, ಹಾವು ಮರತೆ. ಅಕ್ಕನ ಹಿಮ್ಮಡ ನೆಟ್ಟಗ ಬೀಳ್ತದೋ ಇಲ್ಲೋ ಅಷ್ಟ ನೋಡೂದು. ಒಂದು ಸಲ ಎಡಗಾಲು ಹಾದಿ ಬಿಟ್ಟು ಹುಲ್ಲಿನಾಗ ಬಿತ್ತು.

ಒಂಟಿ ಮರ ಮುಟ್ಟೂದ್ರಾಗ ಮಂಜು ಇಳೀತು. ನೋಡ ನೋಡೂದ್ರಾಗ ಎದುರಿನ ಗುಡ್ಡ ಇಲ್ಲ, ಕೆಳಗಿನ ಕಣಿವಿ ಇಲ್ಲ, ನಾವು ಬಂದ ಹಾದಿನೂ ಇಲ್ಲ. ನಾ ಅಂಜಿಕೋತ, "ಅಕ್ಕಾ, ಇಲ್ಲಿಂದ ಹೊಳ್ಳಿ ಹೋಗೂಣ" ಅಂದೆ. ಜಗಳಾ ಆಗ್ತದ ಅಂತ ಗಟ್ಟಿಯಾಗಿ ನಿಂತಿದ್ದೆ.

"ಹೂಂ" ಅಂದ್ಲು.

ಅಷ್ಟ. ಎದುರುಮಾತಿಲ್ಲ, ಬೈಗಳಿಲ್ಲ. ಆ ಹೂಂ ಕೇಳಿ ನನಗ ಆದಷ್ಟು ಅಂಜಿಕಿ ಮತ್ತ್ಯಾವುದಕ್ಕೂ ಆಗಿರ್ಲಿಲ್ಲ. ಕೈ ಹಿಡದು ನೋಡಿದೆ, ಬರ್ಫ ಇದ್ದಂಗ ಇತ್ತು. ಆ ಥಂಡ್ಯಾಗ ಹಣಿ ಮ್ಯಾಲ, ಕುತಿಗಿ ಮ್ಯಾಲ ಬೆವರು ಹರೀತಿತ್ತು. ಮತ್ತ ಬೆಲ್ಲ ತಗದು ಹಿಡದೆ. ತಲಿ ಅಲ್ಲಾಡಿಸಿದ್ಲು. ಬಾಯಿ ಬಿಗದ ಇತ್ತು.

ಇಳಿಯಾಕ ಹತ್ತಿದ್ವಿ. ಗೈಡು, ಆತನ ಹಿಂದ ಬ್ಯಾಂಕಿನಾಕಿ, ವಕೀಲಬಾಯಿ. ನಾನೂ ಅಕ್ಕನೂ ಕಡೀಕ, ಯಾಕಂದ್ರ ಅಕ್ಕ ನಾಕು ಹೆಜ್ಜಿಗೊಮ್ಮೆ ನಿಲ್ಲಾಕತ್ತಿದ್ಲು. ಅವರಿಗೂ ನಮಗೂ ನಡುವ ಅಂತರ ಆತು. ಮಂಜಿನಾಗ ಗೈಡಿನ ಅಂಗಿ ಅಷ್ಟ ಕಾಣ್ತಿತ್ತು. ಅಕ್ಕ ಒಮ್ಮಿಂದೊಮ್ಮೆಲೆ ನಿಂತು, "ಬಚ್ಚಲಕ್ಕ ನೀರು ಹಾಕೀ ಏನು? ಹುಡುಗರು ಬರೂ ಹೊತ್ತಾತು" ಅಂದ್ಲು.

"ಯಾವ ಹುಡುಗರು ಅಕ್ಕಾ?"

"ಗಂಟಿ ಹೊಡದದಲ್ಲ" ಅಂತ ನನ್ನ ಮುಖ ನೋಡಿದ್ಲು. ನೋಡಿದ್ಲು ಅಷ್ಟ, ಗುರ್ತು ಹಿಡೀಲಿಲ್ಲ.

ಅದ ಹೊತ್ತಿಗೆ ಕೆಳಗಿನ ಶೋಲಾದಿಂದ ಒಣ ಕೊಂಬಿ ಮುರದ ಸಪ್ಪಳಾತು. ಗೈಡು ಗಕ್ಕನ ನಿಂತು ಕೈ ಎತ್ತಿದ. ಕಾಡಿನ ಅಂಚಿನಿಂದ ಅದು ಹೊರಗ ಬಂತು. ಮೊದಲ ಕೋಡು, ಆಮ್ಯಾಲ ಹಣಿ, ಆಮ್ಯಾಲ ಆ ಮೈ. ಮೈ ಬರೂದು ಮುಗೀಲೇ ಇಲ್ಲ. ಕರೀ ಗ್ವಾಡಿ ಇದ್ದಂಗ, ಮೊಣಕಾಲಿನ ಕೆಳಗಷ್ಟ ಬೆಳ್ಳಗ. ಒಂಟಿ ಕೋಣ. ಬಂದು ಹಾದಿ ಮ್ಯಾಲ ನಿಂತುಬಿಡ್ತು, ಅವರ ಮತ್ತು ನಮ್ಮ ನಡುವ. ಆಚಿ ಕಡೆ ಗೈಡು ಕೂಡ್ರಿ ಕೂಡ್ರಿ ಅಂತ ಕೈ ಸನ್ನಿ ಮಾಡಿದ. ಆತ ನಮ್ಮ ಕಡೆ ಬರಾಕ ಹಾದಿ ಇರ್ಲಿಲ್ಲ.

ನಾ ಕುಂತೆ. ಅಕ್ಕ ಕುಂದ್ರಲಿಲ್ಲ.

"ಯಾರು ಬಿಟ್ಟಾರ ಇದನ್ನ?" ಅಂದ್ಲು, ಹಾನಗಲ್ಲಿನ ಹಿತ್ತಲದಾಗ ನಿಂತಂಗ. "ಎಮ್ಮಿ ಮಂದಿ ಹೊಲಾ ಹೊಕ್ಕದ. ಅಪ್ಪಗ ಬೈಸಿಕೋಬೇಕು ಇನ್ನ. ಹೊಡಕೊಂಡು ಬರ್ತೇನಿ." ಸೆರಗು ಸೊಂಟಕ್ಕ ಸಿಗಿಸಿಕೊಂಡು, ಹೈ ಹೈ ಅಂತ ಕೈ ಬೀಸಿಕೋತ, ಆ ಕೋಣದ ಕಡೆ ಹೊಂಟ್ಲು.

ಕೃಷ್ಣಾ! ನಾ ಏನ್ ಮಾಡಿದೆ ಅಂತ ನನಗ ಪೂರಾ ತಿಳದಿಲ್ಲ. ಸೆರಗು ಹಿಡದು ಜಗ್ಗಿದೆ. ಆಕಿ ಕೊಸರಿಕೊಂಡ್ಲು, ನನ್ನ ಕಪಾಳಕ್ಕ ಹೊಡದ್ಲು. ಅಕ್ಕನ ಕೈಯಾಗ ಅಷ್ಟು ಕಸುವು ಹೆಂಗ ಬಂತೋ. ಸೊಂಟಾ ಅಪ್ಪಿಕೊಂಡು ಇಬ್ಬರೂ ಹುಲ್ಲಿನಾಗ ಬಿದ್ವಿ. ನಾ ಆಕಿ ಮ್ಯಾಲ ಬಿದ್ದೆ. ಕೋಣ ಫುಸ್ ಅಂತ ಉಸರು ಬಿಟ್ಟ ಸಪ್ಪಳ ಬೆನ್ನ ಹಿಂದ ಕೇಳ್ತು. ಒದರೂ ಹಂಗಿಲ್ಲ, ಓಡೂ ಹಂಗಿಲ್ಲ, ಅಳೂ ಹಂಗೂ ಇಲ್ಲ. ಅಕ್ಕನ ಮೈ ಒಂದು ಸಲ ಝಾಡಿಸಿ ಸಡಲಾತು. ಕಣ್ಣಿನ ಗುಡ್ಡಿ ಮ್ಯಾಲ ಹೋತು.

ಎದ್ದು ಕುಂತು, ಆಕಿ ತಲಿ ತೊಡಿ ಮ್ಯಾಲ ಇಟಕೊಂಡು, ಕಿಸೇದಿಂದ ಬೆಲ್ಲ ತಗದೆ. ಗಟ್ಟಿ ಬೆಲ್ಲ ಹಂಗ ಹಾಕಿದ್ರ ಗಂಟಲದಾಗ ಸಿಕ್ಕೀತು ಅಂತ ಅಂಜಿ, ಅಂಗೈಯಾಗ ಹಿಡದು, ಬಾಟಲಿಯ ನೀರು ನಾಕು ಹನಿ ಹಾಕಿ ತಿಕ್ಕಿದೆ. ಅರ್ಧ ಹುಲ್ಲಿನಾಗ ಚೆಲ್ಲಿಹೋತು. ಬೆರಳಿಗೆ ಬೆಲ್ಲ ಹಚ್ಚಿಕೊಂಡು ಆಕಿ ತುಟಿ ಸರಿಸಿದೆ. ಹಲ್ಲು ಗಪ್ಪಂತ ಮುಚ್ಚಿದ್ವು. ಗಲ್ಲದ ಒಳಗ ಸವರಾಕ ನೋಡಿದೆ, ಹಲ್ಲು ತಗದು ನನ್ನ ಬಳ್ಳು ಕಡದ್ಲು. ಕಡದು ಹಿಡದುಬಿಟ್ಲು. ಉರಿ ತಲಿಗೆ ಹತ್ತಿತು. ಬೆಲ್ಲದ ಜೋಡಿ ರಕ್ತ ಬಂತು.

ಹಿಂದ ಹುಲ್ಲು ಸರಿದಾಡಿದ ಸಪ್ಪಳ. ಸಾವಕಾಶ. ಒಂದು ಹೆಜ್ಜಿ, ಮತ್ತ ಸುಮ್ನ. ಮತ್ತೊಂದು ಹೆಜ್ಜಿ. ಗುಡ್ಡದ ಗಾಳಿಯೊಳಗ ದನದ ಕೊಟಗಿಯ ಬಿಸಿ ವಾಸನಿ ಬಂತು. ನಾ ತಿರುಗಿ ನೋಡಲಿಲ್ಲ. ನೋಡಿದ್ರ ನನ್ನ ಕಾಲು ನನ್ನ ಮಾತು ಕೇಳೂದಿಲ್ಲ ಅಂತ ಗೊತ್ತಿತ್ತು, ಎದ್ದು ಓಡಿಬಿಡ್ತಿದ್ದೆ, ಅಕ್ಕನ್ನ ಅಲ್ಲೇ ಬಿಟ್ಟು. ಅದಕ್ಕ ಅಕ್ಕನ ಮೂಗಬಟ್ಟು ಒಂದ ನೋಡಿಕೋತ ಕುಂತೆ. "ಬಾಯಿ ತಗೀ ಅಕ್ಕಾ, ನಿನ್ನ ಕಾಲು ಬೀಳ್ತೇನಿ ಬಾಯಿ ತಗೀ" ಅಂತ ಉಸರಿನಾಗ ಅನಕೋತ ಇದ್ದೆ. ನಮ್ಮಕ್ಕ ಹೋಗಿಬಿಡ್ತಾಳ, ನನ್ನ ತೊಡಿ ಮ್ಯಾಲ, ಈ ಹುಲ್ಲಿನಾಗ ಹೋಗಿಬಿಡ್ತಾಳ, ಇದೊಂದ ಮಾತು ತಲ್ಯಾಗ ಗಿರಗಿಟ್ಲಿ ತಿರುಗಿದಂಗ ತಿರಗ್ತಿತ್ತು.

ಆಮ್ಯಾಲ ಹಲ್ಲು ಸಡಲಾದ್ವು. ಬಾಯಿ ತಗೀತು. ನಾ ಇದ್ದಬಿದ್ದ ಬೆಲ್ಲ ಎಲ್ಲಾ ಗಲ್ಲದೊಳಗ ಸವರಿದೆ. ಗುಟುಕು ಇಳಿಯೂದು ಕುತಿಗಿ ಮ್ಯಾಲ ಕಾಣ್ತು. ಮತ್ತ ಸವರಿದೆ, ಮತ್ತ ನುಂಗಿದ್ಲು.

ಎಷ್ಟು ಹೊತ್ತು ಆತೋ ಗೊತ್ತಿಲ್ಲ. ಗೈಡಿನ ಕೈ ನನ್ನ ಹೆಗಲ ಮ್ಯಾಲ ಬಿದ್ದಾಗ ನಾ ಚಿಟ್ಟನೆ ಚೀರಿದೆ. "ಹೋಯ್ತು ಮೇಡಂ, ಹೋಯ್ತು, ಕೆಳಗೆ ಇಳೀತು" ಅಂದ. ಆತನ ಮುಖಾನೂ ಬೆಳ್ಳಗಾಗಿತ್ತು. ಬ್ಯಾಂಕಿನಾಕಿ ಅಳಾಕತ್ತಿದ್ಲು. ವಕೀಲಬಾಯಿ ಓಡಿ ಬಂದು ಅಕ್ಕನ ಕಾಲು ತಿಕ್ಕಾಕ ಹತ್ತಿದ್ಲು.

ಅಕ್ಕ ಕಣ್ಣು ಬಿಟ್ಟು ನಮ್ಮೆಲ್ಲಾರನ್ನೂ ಒಬ್ಬೊಬ್ಬರನ್ನಾಗಿ ನೋಡಿದ್ಲು. ನಾಲಗಿಯಿಂದ ತುಟಿ ಸವರಿಕೊಂಡ್ಲು. "ಬೆಲ್ಲ" ಅಂದ್ಲು. ನಾ ಹೂಂ ಅಂದೆ. ಆಕಿ ಕಣ್ಣಾಗ ನೀರು ಬಂದ್ವು. ವಕೀಲಬಾಯಿ ಕೊಟ್ಟ ಶೇಂಗಾ ಚಿಕ್ಕಿ ತಿಂದ್ಲು, ನೀರು ಕುಡದ್ಲು. ಗುಳಿಗಿಯ ಜೋರು ಇನ್ನೂ ಹೋಗಿರೂದಿಲ್ಲ, ಮತ್ತ ಇಳದೀತು ಅಂತ ನಾ ಇಳಿಯೂತನಾ ಅಲ್ಲಲ್ಲಿ ನಿಲ್ಲಿಸಿ ಚಿಕ್ಕಿ ಮುರದು ಕೈಯಾಗ ಇಡ್ತಿದ್ದೆ. ತೊಗೊಂಡು ತಿಂತಿದ್ಲು, ನನ್ನ ಮುಖ ಮಾತ್ರ ನೋಡ್ತಿರ್ಲಿಲ್ಲ. ಒಂದೊಂದು ಪೊದಿ ಹಿಂದನೂ ಕರೀ ಹಣಿ ನಿಂತಂಗ ಕಂಡು ನಾ ಬೆವತು ಹೋಗಿದ್ದೆ.

ಕೆಳಗಿನ ಊರಿನ ದವಾಖಾನ್ಯಾಗ ರಾತ್ರಿ ಸಲಾಯಿನ್ ಹಚ್ಚಿದ್ರು. ಅಲ್ಲಿನ ಡಾಕ್ಟರು ಅಕ್ಕಗೂ ನನಗೂ ಸೇರಿಸಿ ಬೈದ್ರು, ನನ್ನ ಬಳ್ಳಿಗೆ ಪಟ್ಟಿ ಕಟ್ಟಿದ್ರು. ಇನ್ನ ಮ್ಯಾಲ ಏಕಾದಶಿಗೆ ಹಾಲು ಹಣ್ಣು ತೊಗೋಬೇಕು, ಗುಳಿಗಿ ಕೇಳಿ ತೊಗೋಬೇಕು ಅಂತ ಬರದುಕೊಟ್ರು. ಮರುದಿನ ಗಾಡ್ಯಾಗ ಸವಣೂರು ಮುಟ್ಟೂತನಾ ಅಕ್ಕ ಕಿಡಿಕ್ಯಾಗ ನೋಡಿಕೋತ ಕುಂತಿದ್ಲು. ಇಳದು ಮನಿಯೊಳಗ ಹೋಗಬೇಕಾದ್ರೂ ನನಗ ಬಾ ಅನ್ನಲಿಲ್ಲ.

ಮುಂದಿನ ದಿನಗಳ ಅಂಜಿಕಿ ಬ್ಯಾರೆ ಥರದ್ದು. ದಿನಾ ಸಂಜಿಕ ಫೋನ್ ಮಾಡೂ ಅಕ್ಕ ಮಾಡಲಿಲ್ಲ. ನನಗ ಮಾಡಾಕ ಧೈರ್ಯ ಸಾಲಲಿಲ್ಲ. ಯಾವಾಗರ ಮನಸು ಗಟ್ಟಿ ಮಾಡಿ ಹಚ್ಚಿದ್ರ ಅಕ್ಕನ ಸೊಸಿ ಎತ್ತಿ, "ಅತ್ತಿ ಜಪಕ್ಕ ಕುಂತಾರ್ರಿ" ಅಂತಿದ್ಲು. ಜೀವ ಉಳೀತು ಖರೆ. ಆದ್ರ ಆಕಿ ಆಯುಷ್ಯಾನ ಹಾಕಿ ಕಟ್ಟಿದ ವ್ರತ ನನ್ನ ಕೈಯಿಂದ ಮುರೀತು. ನನ್ನ ಬೆಳಸಿದ ಹೆಣ್ಣುಮಗಳು ಇನ್ನ ನನ್ನ ಜೋಡಿ ಮಾತಾಡದ ಹೋದ್ರ ಹೆಂಗ ಅಂತ ಕ್ಲಾಸಿನಾಗ ನಿಂತಾಗೂ ಅದ ವಿಚಾರ.

ಕಡೀಕ ತಡೀಲಾರದ ಒಂದು ರವಿವಾರ ಮಧ್ಯಾಹ್ನ ಸವಣೂರಿನ ಬಸ್ ಹತ್ತಿದೆ. ಹೋದಾಗ ಪಡಸಾಲ್ಯಾಗ ಬಾಜೂಮನಿಯಾಕಿ ಕುಂತಿದ್ಲು. "ಪಾಪ, ನಿಮ್ಮಕ್ಕಗ ಎಚ್ಚರಾನ ಇರ್ಲಿಲ್ಲಂತಲ್ರಿ. ನೀವು ಹಲ್ಲು ಸೀಳಿ ಬೆಲ್ಲಾ ತುರಕಿದ್ರಂತ. ಎಚ್ಚರಿಲ್ಲದಾಗ ಆದದ್ದಕ್ಕ ದೋಷ ಹತ್ತೂದಿಲ್ಲ ಬಿಡ್ರಿ, ಮಠದಾಗ ಆಚಾರ್ರೂ ಹಂಗ ಅಂದ್ರಂತ" ಅಂದ್ಲು. ಅಕ್ಕ ಅಡಿಗಿಮನಿಯಿಂದ ಆಕಿಗೆ ಹೂಂ ಅಂದು, ನನಗ "ಒಳಗ ಬಾ" ಅಂದ್ಲು.

ಒಳಗ ಹೋದೆ. ಅಕ್ಕ ಚಾಕ್ಕ ನೀರಿಟ್ಟಿದ್ಲು. ನನ್ನ ಕೈ ಹಿಡದು "ಬಳ್ಳು ತೋರಸು" ಅಂದ್ಲು. ಕಲೆ ಉಳದಿತ್ತು. ಅದರ ಮ್ಯಾಲ ಹೆಬ್ಬೆರಳಿನಿಂದ ಸವರಿದ್ಲು.

"ಎಚ್ಚರ ಇರ್ಲಿಲ್ಲ ಅಂತ ಎಲ್ಲಾರೂ ಹೇಳ್ತಾರ. ನಾನೂ ಹೂಂ ಅಂತೇನಿ. ಅದು ಸುಳ್ಳು" ಅಂದ್ಲು.

ನನಗ ತಿಳೀಲಿಲ್ಲ.

"ಎಮ್ಮಿ ಹೊಡ್ಯಾಕ ಹೊಂಟಿದ್ದು, ನಿನಗ ಹೊಡದಿದ್ದು, ಅವು ನನಗ ನೆನಪಿಲ್ಲ. ನಾಲಗಿಗೆ ಬೆಲ್ಲ ಹತ್ತಿದ್ದು ನೆನಪದ. ಹತ್ತಿದ ಕೂಡ್ಲೇ ಏಕಾದಶಿ ಅಂತ ನೆನಪಾತು. ಬೇಕಂತನ ಕಡದೆ. ಹೋದ್ರ ಹೋಗ್ಲಿ ಜೀವ, ಬಾಯಿ ತಗಿಯೂದಿಲ್ಲ ಅಂತ."

"ಮತ್ತ ಬಾಯಿ ತಗದ್ಯಲ್ಲ?"

"ಕಣ್ಣು ಬಿಟ್ಟೆ. ನಿನ್ನ ಹೆಗಲ ಹಿಂದ ಅದರ ಮುಖ ಕಾಣ್ತು."

"ಎಷ್ಟು ದೂರ ಇತ್ತು?"

ಅಕ್ಕ ಒಲಿಯಿಂದ ಅಡಿಗಿಮನಿಯ ಹೊಸ್ತಲ ತನಕ ಕಣ್ಣು ಹಾಯಿಸಿದ್ಲು. "ಅಷ್ಟು. ಮೂಗಿನ ಹಸಿ ಕಾಣ್ತಿತ್ತು."

"ಅಕ್ಕಾ, ನಾ ತಿರುಗಿ ನೋಡಲಿಲ್ಲ, ಆದ್ರ ಅದು ಧೈರ್ಯ ಅಲ್ಲ" ಅಂದೆ.

"ಗೊತ್ತದ ನನಗ. ನಿನ್ನ ನಾ ಬೆಳಸೇನಿ" ಅಂದ್ಲು ಅಕ್ಕ, ಚಾದ ಪುಡಿ ಹಾಕಿಕೋತ. "ನಾ ನುಂಗೂತನಾ ನೀ ಅಲ್ಲಿಂದ ಏಳಾಕಿ ಅಲ್ಲ. ತಿರುಗಿ ನೋಡಿದ್ರ ಒದರಾಕಿ. ಒದರಿದ್ರ ಅದು ನಿನ್ನ ಬಿಡ್ತಿರ್ಲಿಲ್ಲ. ನೀ ತಿರುಗೂದ್ರೊಳಗ ನುಂಗಿಬಿಡಬೇಕು ಅಂತ ಬಾಯಿ ತಗದೆ."

ನಾ ಅಡಿಗಿಮನಿ ನೆಲದ ಮ್ಯಾಲ ಕುಂತುಬಿಟ್ಟೆ. ಹೊಸ್ತಲದ ಕಡೆ ನೋಡಾಕ ನನ್ನಿಂದ ಆಗಲಿಲ್ಲ.